ನಲವತ್ತು ಹೆಜ್ಜೆ

ಅಪ್ಪನ ಅಕ್ಕ, ನಮ್ಮ ಗೌರತ್ತೆಗೆ ಒಂದು ಕಡೆ ಕೂರುವುದೆಂದರೆ ಆಗದು. ಊಟಕ್ಕೆ ಬಡಿಸಿದರೆ ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಾಳೆ, ಅರ್ಧ ತಿಂದು ಹಿತ್ತಲಿಗೆ ಹೋಗುತ್ತಾಳೆ. ಅರವತ್ತನಾಲ್ಕು ವರ್ಷ, ಎರಡೂ ಮಂಡಿ ಹೋಗಿವೆ. ಆದರೂ ವಾರಕ್ಕೆ ಮೂರು ಸಲ ಹೊಳವನಹಳ್ಳಿಯಲ್ಲಿ ನನ್ನ ಬಸ್ಸು ಹತ್ತುತ್ತಾಳೆ. ನಾನು ಕೊರಟಗೆರೆಯಿಂದ ಪುರವರಕ್ಕೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು. ಸೀಟು ಖಾಲಿ ಇದ್ದರೂ ಅವಳು ಬಾಗಿಲ ಕಂಬಿ ಹಿಡಿದು ನಿಲ್ಲುತ್ತಾಳೆ, ಹತ್ತುವವರಿಗೂ ಇಳಿಯುವವರಿಗೂ ಅಡ್ಡ. “ಎಲ್ಲಿಗತ್ತೆ?” ಅಂದರೆ “ಇಂಗೇ ಕಣ್ಲಾ ಸುನಿಲ, ಒಂದು ಸುತ್ತು” ಅನ್ನುತ್ತಾಳೆ. ನನಗೆ ರೇಗುತ್ತದೆ. ಪುರವರದಲ್ಲಿ ಇಳಿದು, ರಸ್ತೆಯಾಚೆಯ ಹುಣಸೆಮರವನ್ನು ನೋಡುತ್ತ ನಿಂತಿದ್ದು, ಅದೇ ಬಸ್ಸಿಗೆ ವಾಪಸ್ಸು ಹತ್ತುತ್ತಾಳೆ.

ಆ ಮರದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ನಗುತ್ತಿದ್ದೆವು.

ತಾತ ಕ್ಯಾತಣ್ಣನಿಗೆ ಆಗ ಇನ್ನೂರು ಕುರಿ. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಊರೂರು ತಿರುಗುವುದು, ಗೊಬ್ಬರಕ್ಕೆಂದು ಕರೆದವರ ಹೊಲದಲ್ಲಿ ಕುರಿ ತಂಗಿಸುವುದು. ಪುರವರದ ಚಂದ್ರಶೇಖರಯ್ಯನವರ ಹೊಲಕ್ಕೆ ಪ್ರತಿ ವರ್ಷ ಹೋಗಲೇಬೇಕು. ಅತ್ತೆಗೆ ಆ ದಿನಗಳ ಮಾತು ಬಂದರೆ ಸಾಕು, ಮುಖವೇ ಬೇರೆಯಾಗುತ್ತದೆ. “ಬೆಳಿಗ್ಗೆ ಎದ್ರೆ ಕಂಬಳಿ ಮೇಲೆಲ್ಲ ಇಬ್ಬನಿ ಕಣ್ಲಾ. ಹುಟ್ಟಿದ ಮರಿನ ನನ್ನ ಮಡ್ಲಿಗೆ ಹಾಕ್ಬುಡೋರು. ಅದು ಎದೆ ಹತ್ರ ಬೆಚ್ಚಗೆ ಮಲಿಕ್ಕೊಂಡು ನಾನು ನಡೆದಂಗೆಲ್ಲ ತೂಗ್ತಿತ್ತು.”

ಖಾರ ಅರೆಯುವ ಕಲ್ಲನ್ನು ಹೊತ್ತು ತಿರುಗಲಾದೀತೇ? ತಂಗುವ ಜಾಗಕ್ಕೊಂದರಂತೆ ಕಲ್ಲು ಹೂತಿಟ್ಟು, ಮಾರನೇ ವರ್ಷ ಅಗೆದು ತೆಗೆಯುವುದು ನಮ್ಮವರ ವಾಡಿಕೆ. ಪುರವರದ್ದು ಅಜ್ಜಿ ತವರಿನಿಂದ ತಂದ ಕಲ್ಲು, ಅದರ ಅಂಚಿನಲ್ಲಿ ಒಂದು ಮೀನು ಕೆತ್ತಿತ್ತು. ನಮ್ಮಪ್ಪ ಚಿಕ್ಕರಾಜು ಹುಟ್ಟಿದ ವರ್ಷ ಅಜ್ಜಿ ಹೆರಿಗೆಗೆ ಊರಲ್ಲೇ ಉಳಿದಿದ್ದಳು. ಪುರವರದಿಂದ ಮಂದೆ ಹೊರಡಿಸುವ ಗಡಿಬಿಡಿಯಲ್ಲಿದ್ದ ತಾತ, ಒಂಬತ್ತು ವರ್ಷದ ಮಗಳಿಗೆ ಕೂಗಿ ಹೇಳಿದ: “ಹುಣಸೆಮರದ ಬುಡದಿಂದ ಮಧುಗಿರಿ ಬೆಟ್ಟದ ಕಡೆ ಮಕ ಮಾಡಿ ನಲವತ್ತು ಹೆಜ್ಜೆ. ಅಲ್ಲಿ ಹೂತ್ಬುಡಮ್ಮಿ.” ಅವಳು ಹೂತಳು. ಹೊರಡುವಾಗ ಚಂದ್ರಶೇಖರಯ್ಯನವರ ಹೆಂಡತಿ ಸರ್ವಮಂಗಳಮ್ಮ ಅವಳ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದರು.

ಮಾರನೇ ವರ್ಷ ತಾತ ನಲವತ್ತು ಹೆಜ್ಜೆ ಎಣಿಸಿ ಅಗೆದ. ಕಲ್ಲಿಲ್ಲ. ಸುತ್ತ ಅಗೆದರೂ ಇಲ್ಲ. ಅಜ್ಜಿ ಮಗಳ ಕೈ ನೋಡಿದಳು. “ಬಳೆ ಮಾರೋಳಿಗೆ ಕಲ್ಲು ಕೊಟ್ಟು ಬಳೆ ಇಕ್ಕಿಸ್ಕೊಂಡವಳೆ” ಅಂದುಬಿಟ್ಟಳು. ಸರ್ವಮಂಗಳಮ್ಮ ಕೊಟ್ಟದ್ದೆಂದು ಹುಡುಗಿ ಹೇಳಿದರೂ, ದೊಡ್ಡವರ ಮನೆಗೆ ಹೋಗಿ, ಬಳೆ ನೀವೇ ಕೊಟ್ಟಿರಾ ಎಂದು ಕೇಳುವ ಬಾಯಿ ಅಜ್ಜಿಗಿರಲಿಲ್ಲ. ಅವತ್ತಿನಿಂದ ಅತ್ತೆ ಬಳೆಗೌರಿ. ಅಜ್ಜಿ ಸಾಯುವತನಕ ಹಾಗೇ ಕರೆದಳು. ನಮ್ಮಪ್ಪನಂತೂ ಅವಳನ್ನು ಒಂದು ದಿನವೂ ಅಕ್ಕ ಅಂದವನಲ್ಲ. ತಮಾಷೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು.

ಹೋದ ತಿಂಗಳು ಚಂದ್ರಶೇಖರಯ್ಯನವರ ಮಗ ಪರಮೇಶಣ್ಣ ಬಸ್ಸಿನಲ್ಲಿ ಯಾರಿಗೋ ಹೇಳುತ್ತಿದ್ದರು: “ಮರದ ಹತ್ರದ ಬೀಳು ಸಮ ಮಾಡಿಸ್ತಿದೀನಿ. ನಾಳೆ ಹತ್ತಕ್ಕೆ ಜೆಸಿಬಿ ಬರ್ತೈತೆ.” ಅತ್ತೆ ಕಂಬಿ ಬಿಟ್ಟು ಅವರ ಸೀಟಿನ ಹತ್ತಿರ ಬಂದಳು.

“ಒಂದ್ಸಲ ಅಗೀಲಾ ಪರಮೇಶಪ್ಪ?”

“ಅಗೀರಿ ಗೌರಕ್ಕ, ಹತ್ತರೊಳಗೆ.”

ಇಷ್ಟು ವರ್ಷ ಯಾಕೆ ಅಗೆಸಲಿಲ್ಲ ಎಂದು ಬೈದೆ. ಅವಳು ಕಿಟಕಿಯಾಚೆ ನೋಡುತ್ತ ಅಂದಳು: “ಸಿಗ್ದಿದ್ರೆ? ಎಲ್ರೂ ಅಂದೂ ಅಂದೂ ಒಂದೊಂದು ಸಲ ನಂಗೇ ಅನ್ಮಾನ ಬತ್ತೈತೆ ಕಣ್ಲಾ. ನಿಜ್ವಾಗ್ಲೂ ಹೂತಿದ್ನಾ ಅಂತ.”

ಬೆಳಿಗ್ಗೆ ಏಳಕ್ಕೇ ಬೀಳಿನಲ್ಲಿದ್ದೆವು. ನೇಗಿಲು ಕಾಣದ ಕಲ್ಲುನೆಲ. ಬೆಟ್ಟದ ಕಡೆ ನಲವತ್ತು ಹೆಜ್ಜೆ ಹಾಕಿ ಹಾರೆ ಇಟ್ಟೆ. ಮೊಣಕಾಲುದ್ದ ಗುಂಡಿಯಾಯಿತು, ಅಗಲಿಸಿದೆ, ಅಂಗೈ ಬೊಬ್ಬೆ ಬಂತು. ಅತ್ತೆ ಗುಂಡಿಯ ಸುತ್ತ ತಿರುಗುತ್ತಲೇ ಇದ್ದಳು. ಒಂಬತ್ತೂವರೆಗೆ ರಸ್ತೆಯಲ್ಲಿ ಜೆಸಿಬಿ ಸದ್ದು ಕೇಳಿಸಿತು.

“ಸಾಕು ನಡಿಯತ್ತೆ.”

“ತಡಿ, ನಾನೇ ಒಂದ್ಸಲ ಎಣಿಸ್ತೀನಿ.” ಮರದ ಬುಡಕ್ಕೆ ಹೋಗಿ, ಕೋಲೂರಿ ಹೊರಟಳು. ಗಟ್ಟಿಯಾಗಿ ಎಣಿಸುತ್ತ ಬಂದಳು. ನನ್ನ ಗುಂಡಿ ಇನ್ನೂ ಆರೇಳು ಮಾರು ದೂರವಿರುವಾಗಲೇ ನಿಂತು “ನಲವತ್ತು” ಅಂದಳು.

“ಎಣಿಕೆ ತಪ್ಪಿದೀಯ” ಎಂದು ರೇಗಿದೆ.

“ಇಲ್ಲ ಕಣ್ಲಾ, ನಲವತ್ತೇ.”

ಅವಳ ಕಾಲು ನೋಡಿದೆ. ಮಂಡಿ ಬಗ್ಗದೆ, ಒಂದು ಪಾದದ ಮುಂದಕ್ಕೆ ಇನ್ನೊಂದು ಪಾದವನ್ನು ಮೊಳದುದ್ದವಷ್ಟೇ ಎತ್ತಿಟ್ಟು ಬಂದಿದ್ದಳು, ಮಕ್ಕಳಂತೆ. ಆಗ ಹೊಳೆಯಿತು. ಹೂತವಳಿಗೆ ಒಂಬತ್ತು ವರ್ಷ, ಹುಡುಕಿದವನು ಆರಡಿ ಆಳು ತಾತ. ನಲವತ್ತು ಯಾರ ಹೆಜ್ಜೆ ಎಂದು ಯಾರೂ ಕೇಳಿರಲಿಲ್ಲ.

ಅವಳು ನಿಂತಲ್ಲೇ ಅಗೆದೆ. ಮೂರನೇ ಏಟಿಗೆ ಹಾರೆ ಠಣ್ ಅಂದಿತು. ಮಣ್ಣು ಕೈಯಲ್ಲಿ ಬಳಿದೆ. ಮೊದಲು ಸಿಕ್ಕಿದ್ದೇ ಮೀನು. ಅತ್ತೆ ಅದರ ಮೇಲೆ ಬೆರಳಾಡಿಸುತ್ತ “ಯವ್ವೋ, ನೋಡ್ದೇನವ್ವ” ಎಂದು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಅಪ್ಪನಿಗೆ ಫೋನ್ ಮಾಡಿ ಅವಳ ಕೈಗೆ ಕೊಟ್ಟೆ.

“ಏನೇ ಬಳೆಗೌರಿ?” ಅಂದ ಅಪ್ಪ, ಎಂದಿನಂತೆ.

“ಲೇ ಚಿಕ್ಕ, ಕಲ್ಲು ಸಿಕ್ತು ಕಣ್ಲಾ. ಅವ್ವನ ಕಲ್ಲು.”

ಆ ಕಡೆಯಿಂದ ಅಪ್ಪನ ದನಿ ಬಂತು: “ಅಕ್ಕಾ... ಅಲ್ಲೇ ಇರಕ್ಕ. ಬಂದೆ.”

“ಬಾ ಮಗ” ಅಂದಳು ಅತ್ತೆ, “ಕೂತಿರ್ತೀನಿ.” ಕಲ್ಲಿನ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಅಪ್ಪ ಬರುವತನಕ ಏಳಲಿಲ್ಲ.