ಬರಲು ಐದು ಗಂಟೆ, ಹೋಗಲು ಎರಡು

ದುಬೈಯಿಂದ ನೇರ ವಿಮಾನ ಬಜ್ಪೆಗೆ ಬರತೊಡಗಿದ ಮೇಲೆಯೇ ನಮ್ಮ ಅತ್ತೆಗೆ ವಿಮಾನದ ಮೇಲೆ ಸಂಶಯ ಶುರುವಾದದ್ದು. ಅದಕ್ಕೂ ಮೊದಲು ನನ್ನ ಗಂಡ ಮುಂಬಯಿಯಲ್ಲಿಳಿದು, ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ನಮ್ಮೂರು ಬೆಳ್ಮಣ್ಣಿಗೆ ಬರುತ್ತಿದ್ದರು. ದಾರಿಗೆ ಎಷ್ಟು ಹೊತ್ತು ಹಿಡಿಯಿತೆಂದು ಯಾರೂ ಕೇಳುತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವವರು ಅರ್ಧ ದಿನ ತಡವಾದರೆ ಏನಂತೆ.

ಹೊಸ ಟಿಕೆಟಿನಲ್ಲಿ ಎಲ್ಲವನ್ನೂ ಬರೆದಿದ್ದರು. ಅಲ್ಲಿಂದ ಮಧ್ಯಾಹ್ನ ಒಂದಕ್ಕೆ ಹೊರಟು ಬಜ್ಪೆಗೆ ಸಂಜೆ ಆರಕ್ಕೆ. ವಾಪಸ್ಸು ಬೆಳಿಗ್ಗೆ ಏಳಕ್ಕೆ ಹೊರಟು ಅಲ್ಲಿಗೆ ಒಂಬತ್ತಕ್ಕೆ. ಅತ್ತೆ ನನ್ನಿಂದ ಎರಡು ಸಲ ಓದಿಸಿದರು. ಊರಿಗೆ ಬರಲು ಐದು ಗಂಟೆ, ಊರು ಬಿಡಲು ಎರಡೇ ಗಂಟೆ, ಗಂಡಸರೆಲ್ಲ ಅಲ್ಲೇ ಕುಳಿತುಬಿಡುವುದು ಇದಕ್ಕೇ ಎಂದು ತೀರ್ಮಾನ ಕೊಟ್ಟರು.

ಗಂಡ ಸುಮ್ಮನೆ ಬಿಡುವವರಲ್ಲ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಎಂದು ತೋರಿಸಲು ಅಡುಗೆಮನೆಯಿಂದ ತೆಂಗಿನಕಾಯಿ ತಂದು ಟಾರ್ಚಿನ ಬೆಳಕಿನಲ್ಲಿ ತಿರುಗಿಸಿದರು. ಅತ್ತೆ ಕೊನೆಯವರೆಗೂ ಕೇಳಿದರು. ಆಮೇಲೆ, ಮೀನು ಪದಾರ್ಥಕ್ಕೆ ಕಾಯಿ ಒಡೆಯಲಿಕ್ಕುಂಟು, ಇಲ್ಲಿ ಕೊಡು ಎಂದರು.

ಮುಂದಿನ ವರ್ಷ ಗಂಡ ನಮ್ಮಿಬ್ಬರಿಗೂ ಒಂದು ತಿಂಗಳಿಗೆ ವಿಸಿಟ್ ವೀಸಾ ಕಳಿಸಿದರು. ಅತ್ತೆ ಹೊರಟದ್ದು ದುಬೈ ನೋಡಲಿಕ್ಕಲ್ಲ, ಹೊತ್ತು ನೋಡಲಿಕ್ಕೆ. ತೀರಿಹೋದ ಮಾವನ ಕೀಲಿ ಕೊಡುವ ವಾಚು ಕಟ್ಟಿಕೊಂಡಿದ್ದರು. ಅಲ್ಲಿ ಇಳಿದು ಎಲ್ಲರೂ ವಾಚಿನ ಮುಳ್ಳು ತಿರುಗಿಸಿದರೂ ಇವರು ತಿರುಗಿಸಲಿಲ್ಲ. ತಿಂಗಳಿಡೀ ನಾವು ಬೆಳ್ಮಣ್ಣಿನ ಹೊತ್ತಿಗೇ ಊಟ ಮಾಡಿದೆವು. ಸಂಜೆ ಏಳರ ಜಪಸರದ ಪ್ರಾರ್ಥನೆ ಅಲ್ಲಿನ ಐದೂವರೆಗೆ ಶುರುವಾಗುತ್ತಿತ್ತು. ಗಂಡ ಕೆಲಸದಿಂದ ಬರುವಾಗ ಅತ್ತೆಯ ಪ್ರಾರ್ಥನೆ, ಊಟ ಎಲ್ಲ ಮುಗಿದು ಗೊರಕೆ ಕೇಳಿಸುತ್ತಿತ್ತು. ಮಗನ ಮನೆಯಲ್ಲೇ ಇದ್ದು ಮಗನನ್ನು ಸರಿಯಾಗಿ ನೋಡಿದ್ದು ರಜೆಯ ಶುಕ್ರವಾರಗಳಲ್ಲಿ ಮಾತ್ರ. ನನಗೆ ಸಿಟ್ಟು ಬರುತ್ತಿತ್ತು. ಆದರೆ ಗಂಡನಿಗೆ ಬಡಿಸಲು ದಿನವೂ ನಾನೊಬ್ಬಳೇ ಎಚ್ಚರವಿರುತ್ತಿದ್ದೆ. ಆ ತಿಂಗಳು ಮುಗಿಯಬಾರದೆಂದು ನನಗಿತ್ತು. ಮುಗಿಯಿತು.

ಬಜ್ಪೆಯಲ್ಲಿ ಇಳಿದಾಗ ಅತ್ತೆ ವಾಚು ನೋಡಿದರು. ಬೆರಳು ಮಡಿಸಿ ಗಂಟೆ ಎಣಿಸಿದರು. ನಾವು ಚೀಲ ಬಿಚ್ಚುವ ಮೊದಲೇ ಗಂಡನ ಫೋನು ಬಂತು. ಯಾವಾಗಲೂ ಊಟ ಆಯಿತಾ ಎಂದು ಕೂಗಿ ರಿಸೀವರ್ ನನಗೆ ದಾಟಿಸುವ ಅತ್ತೆ ಅವತ್ತು ಕುರ್ಚಿ ಎಳೆದುಕೊಂಡು ಕುಳಿತರು.

"ಹೋಗುವಾಗ ಮೂರೂವರೆ ಗಂಟೆ, ಬರುವಾಗಲೂ ಮೂರೂವರೆಯೇ. ನೀನು ಹೇಳಿದ್ದು ಸರಿ ಉಂಟು."

ಆ ಕಡೆ ಗಂಡ ನಕ್ಕದ್ದು ನನಗೂ ಕೇಳಿಸಿತು.

"ಮತ್ತೆ ನಿನಗೆ ಬರಲಿಕ್ಕೆ ಎರಡು ವರ್ಷ ಎಂತಕ್ಕೆ ಬೇಕು?"

ಮದುವೆಯಾದಂದಿನಿಂದ ನಾನು ಕೇಳಬೇಕೆಂದುಕೊಂಡು ಕೇಳದೆ ಉಳಿದದ್ದು ಅದನ್ನೇ. ಅತ್ತೆ ಉತ್ತರಕ್ಕೆ ಕಾಯದೆ ರಿಸೀವರ್ ನನ್ನ ಕೈಗಿಟ್ಟು ಅಡುಗೆಮನೆಗೆ ಹೋದರು. ಅಮ್ಮನಿಗೆ ಏನಾಯಿತೆಂದು ಗಂಡ ವಿಚಾರಿಸಿದರು.

"ಅವರಿಗೆ ಎಂತದೂ ಆಗಲಿಲ್ಲ. ನೀವು ಉತ್ತರ ಹೇಳಿ, ನನಗೂ ಬೇಕು" ಎಂದೆ.

ಫೋನಿನ ಬಿಲ್ಲು ಏರುತ್ತದೆಂದು ಯಾವಾಗಲೂ ಅವಸರ ಮಾಡುವ ಗಂಡ ಅವತ್ತು ಫೋನು ಇಡಲಿಲ್ಲ.