ಕಲ್ಲಿಗೆ ಬರೆದ ಮೀಸೆ

ಎಂ.ಎ.ಗೆ ಕಲಾ ಇತಿಹಾಸ ತೆಗೆದುಕೊಂಡಿದ್ದೇನೆ ಎಂದಾಗ ರಾಯದುರ್ಗದ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಅಪ್ಪ ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಹಾಕಿಕೊಂಡು ಜೀನ್ಸ್ ಹೊಲಿಯುತ್ತಿದ್ದರು. ಕತ್ತರಿಸಿದ ಬಟ್ಟೆ ತಂದು ಹಾಕುವ ಮೇಸ್ತ್ರಿ, ಇದು ಡ್ರಾಯಿಂಗ್ ಟೀಚರ್ ಕೆಲಸದ ಓದೇ ಎಂದು ವಿಚಾರಿಸಿದ. ಅಮ್ಮ ಹೊಲಿಗೆಯಿಂದ ಕಣ್ಣೆತ್ತದೆ, "ಹಳೇ ಕಲ್ಲು ನೋಡೋದಂತ್ರಿ. ಅದಕ್ಕ ಕಾಲೇಜ್ ಯಾಕ ಬೇಕು, ನಮ್ಮ ಗುಡ್ಡದ ಮ್ಯಾಲ ಬೇಕಾದಷ್ಟು ಬಿದ್ದಾವ" ಎಂದಳು. ಓದಿನ ಹೆಸರಿನಲ್ಲಿ ಬೇರೇನೋ ನಡೆದಿದೆ, ಯಾವನೋ ಒಬ್ಬ ಹುಡುಗ ಇದ್ದಾನೆ ಎಂದು ಬೀದಿ ತೀರ್ಮಾನಿಸಿತು. ಇರಲಿಲ್ಲ. ಇದ್ದಿದ್ದರೆ ಅಷ್ಟು ಮಾತು ಕೇಳಿದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು.

ಅನುಮಾನದಲ್ಲಿ ನಾನೂ ಕಡಿಮೆಯವಳಲ್ಲ. ನಮ್ಮ ಮನೆಯಲ್ಲಿ ಪ್ಯಾಂಟನ್ನು ಮೊದಲು ಒಳಗಡೆ ತಿರುಗಿಸಿ ನೋಡುವುದು ರೂಢಿ. ಮೇಲಿನ ಹೊಲಿಗೆಯನ್ನು ಯಾರಾದರೂ ನೆಟ್ಟಗೆ ಹಾಕುತ್ತಾರೆ, ಕಳ್ಳತನವೆಲ್ಲ ಒಳಗೇ ಎನ್ನುತ್ತಿದ್ದ ಅಪ್ಪ. ಶಿಲ್ಪದ ತರಗತಿಯಲ್ಲೂ ನನಗೆ ಅದೇ ಚಾಳಿ. ಪುಸ್ತಕ ಏನು ಹೇಳುತ್ತದೆ ಎನ್ನುವುದು ಆಮೇಲೆ. ಮೊದಲು ಉಟ್ಟ ಬಟ್ಟೆ ಎಲ್ಲಿಂದ ಎಲ್ಲಿಗೆ ಹೋಗಿದೆ, ಗಂಟು ಎಲ್ಲಿ ಬಿದ್ದಿದೆ ಎಂದು ನೋಡುತ್ತಿದ್ದೆ. ನಮ್ಮ ಗೈಡ್ ಸರ್‌ಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಎರಡನೇ ವರ್ಷ ಪ್ರಬಂಧಕ್ಕೆ ವಿಷಯ ಹುಡುಕುತ್ತ ಮಡಕಶಿರಾ ಕಡೆಯ ಹಳ್ಳಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಕಂಪನಿ ಬಸ್ಸು ಬೆಳಕು ಹರಿಯುವ ಮುಂಚೆ ಊರಿನ ಹರೆಯದ ಹೆಂಗಸರನ್ನೆಲ್ಲ ತುಂಬಿಕೊಂಡು ಹೋದರೆ ಹೊತ್ತು ಮುಳುಗಿದ ಮೇಲೆ ತಂದಿಳಿಸುತ್ತಿತ್ತು. ಹಗಲಲ್ಲಿ ಮನೆಯಲ್ಲಿ ಉಳಿಯುತ್ತಿದ್ದವಳು ಅವಳ ಅತ್ತೆ, ನನಗೆ ಅಜ್ಜಿ. ನಾನು ಎಲ್ಲಿಗೆ ಹೊರಟರೂ ಯಾಕೆ ಎಂದು ಕೇಳುತ್ತಿದ್ದಳು, ಹೇಳಿದರೆ ಹೂಂ ಎನ್ನುತ್ತಿದ್ದಳು. ಆ ಹೂಂ ನನಗೆ ಹಿಡಿಸಲಿಲ್ಲ.

ರೇಷ್ಮೆ ಸೊಪ್ಪಿನ ತೋಟದ ಬದುವಿನಲ್ಲಿ ಎದೆಯೆತ್ತರದ ಒಂದು ಕಲ್ಲು ನಿಂತಿತ್ತು. ಕುದುರೆಯ ಮೇಲೆ ಕತ್ತಿ ಎತ್ತಿ ಕೂತ ಆಳು. ಯಾರು ನೋಡಿದರೂ ವೀರಗಲ್ಲು ಎಂದು ಮುಂದೆ ಹೋಗುವಂಥದ್ದು. ನಾನು ಬಗ್ಗಿ ನೋಡಿದೆ. ಕೈ ತುಂಬ ಬಳೆ, ತುರುಬು. ಅದಿರಲಿ, ಎದೆಗೆ ಬಿಗಿದ ಬಟ್ಟೆ ತೋಳಿನ ಕೆಳಗಿಂದ ಹಾದು ಬೆನ್ನಿನ ಮೇಲೆ ಗಂಟಾಗಿತ್ತು. ಕೂತಿದ್ದವಳು ಹೆಂಗಸು. ಸಂತೋಷ ತಡೆಯಲಾಗಲಿಲ್ಲ. ಸಂಜೆ ಜಗಲಿಯ ಮೇಲೆ ಹತ್ತು ಜನ ಕೂತಿದ್ದಾಗ ಅದನ್ನೇ ಅಜ್ಜಿಗೆ ಹೇಳಿದೆ. ಅಜ್ಜಿ ಹೂಂ ಎನ್ನಲಿಲ್ಲ. ಎದ್ದು ಒಳಗೆ ಹೋದಳು.

ಮರುದಿನ ಕೆಲಸಕ್ಕೆ ಕೂತೆ. ಕಲ್ಲಿನ ಗೆರೆ ಫೋಟೋದಲ್ಲಿ ಮೂಡಲಿ ಎಂದು ಮನೆಯಿಂದ ತಂದಿದ್ದ ಟೈಲರ್ ಚಾಕ್‌ಪೀಸನ್ನು ಪುಡಿ ಮಾಡಿ ಸವರಿದೆ, ಕೊರಳಲ್ಲಿದ್ದ ಟೇಪಿನಿಂದ ಅಳತೆ ತೆಗೆದೆ. ಆ ಸೀಮೆಯಲ್ಲಿ ಹಳೆಯ ಕಲ್ಲಿಗೆ ಬಿಳಿ ಪುಡಿ ಹಾಕಿ, ಅಳೆದು ಹೋಗುವವರು ಯಾರು ಎಂಬುದು ಎಲ್ಲರಿಗೂ ಗೊತ್ತು: ನಿಧಿ ತೆಗೆಯುವವರು. ಬ್ಯಾಗಿನಲ್ಲಿ ಪಾನಕಕ್ಕೆಂದು ಇಟ್ಟುಕೊಂಡಿದ್ದ ನಿಂಬೆಹಣ್ಣು ಬೇರೆ ಇತ್ತು. ಕೇಳಬೇಕೆ? ಶೇಂಗಾ ಹೊಲದಿಂದ ಬಂದ ಗಂಡಸರು ಸುತ್ತುಗಟ್ಟಿ ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ತನಿಖೆ ಮಾಡಿದರು. ಅಜ್ಜಿಯನ್ನು ಕರೆಸಿದರು. ನನ್ನ ಪರ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಹುಡುಗಿ ನಮ್ಮವಳೇ, ಆದರೆ ಫೋಟೋ ಅಳಿಸಲಿ ಎಂದಳು. ಒಂದೂ ಬಿಡದೆ ಅಳಿಸಿದೆ. ಊರಿನವರ ಮೇಲೆ ಬಾರದ ಸಿಟ್ಟು ನನಗೆ ಅಜ್ಜಿಯ ಮೇಲೆ ಬಂತು.

ಕಾಲೇಜಿನಲ್ಲಿ ಹೇಳಿದರೆ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಆ ಕಾಲದ ಗಂಡಸರೂ ಬಳೆ ತೊಡುತ್ತಿದ್ದರು, ತುರುಬು ಕಟ್ಟುತ್ತಿದ್ದರು ಎಂದರು. ಗಂಟಿನ ಮಾತೆತ್ತಿದಾಗ, ಫೋಟೋ ಎಲ್ಲಿ ಎಂದರು. ಅಳಿಸಿದೆ ಎಂದೆ. ನನಗೇ ಅದು ಸುಳ್ಳಿನಂತೆ ಕೇಳಿಸಿತು. ಜೊತೆಯವರು ಹಿಂದಿನ ಬೆಂಚಿನಲ್ಲಿ ನಕ್ಕರು. ಉಗಾದಿ ಕಳೆಯುವಷ್ಟರಲ್ಲಿ ಗಂಟು ಕಾಣುವ ಒಂದು ಫೋಟೋ ತಂದರೆ ಸರಿ, ಇಲ್ಲದಿದ್ದರೆ ವಿಷಯ ಬದಲಿಸಿ ಎಂದು ಸರ್ ಮುಗಿಸಿಬಿಟ್ಟರು.

ಈ ಸಲ ಕಾಲೇಜಿನ ಸೀಲು ಹಾಕಿಸಿದ ಪತ್ರ ಹಿಡಿದು, ಸರ್ಪಂಚರ ಒಪ್ಪಿಗೆ ಪಡೆದು, ಚಿಕ್ಕಮ್ಮನಿಗೆ ಕಂಪನಿ ರಜೆಯಿರುವ ಭಾನುವಾರವೇ ಹೋದೆ. ಚಿಕ್ಕಮ್ಮ ದಾರಿಯುದ್ದಕ್ಕೂ ಏನೋ ಹೇಳಲು ಹೊರಟು ಸುಮ್ಮನಾಗುತ್ತಿದ್ದಳು. ತೋಟದ ಬದುವಿಗೆ ಬಂದಾಗ ಯಾಕೆಂದು ತಿಳಿಯಿತು. ಕಲ್ಲಿನ ಸುತ್ತ ಸಿಮೆಂಟಿನ ಕಟ್ಟೆ, ಮೇಲೆ ತಗಡು. ಕುದುರೆಗೆ ಬಿಳಿ ಬಣ್ಣ, ಆಳಿಗೆ ಹಳದಿ ಬಣ್ಣ, ಅದೂ ಬಾಗಿಲಿಗೆ ಬಳಿಯುವ ಆಯಿಲ್ ಪೇಂಟು. ಬೆನ್ನಿನ ಗಂಟು ಬಣ್ಣದಡಿ ಮುಚ್ಚಿಹೋಗಿತ್ತು. ಮೂಗಿನ ಕೆಳಗೆ ಕಿವಿಯವರೆಗೂ ಎಳೆದ ದಪ್ಪ ಕರಿ ಮೀಸೆ.

ಅಲ್ಲೇ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ನನ್ನ ಓದಿಗೆ ಕಲ್ಲು ಹಾಕಬೇಕೆಂದೇ ಅಜ್ಜಿ ಇದನ್ನು ಮಾಡಿಸಿದ್ದಾಳೆ ಎಂದು ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮನೆಗೆ ಬಂದು ನೇರವಾಗಿ ಕೇಳಿದೆ. ಅಜ್ಜಿ ರಾಗಿ ಕೇರುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಹೆಣ್ಣು ಅಂತ ನಮ್ಗೆ ಗೊತ್ತಿಲ್ವಾ ಮಗಾ? ನಮ್ಮತ್ತೆ ಕಾಲ್ದಿಂದ್ಲೂ ಬಾಣ್ತೀರು ಎದ್ದ ಮೇಲೆ ಮೊದ್ಲು ಅವಳಿಗೇ ಸೆರಗು ಮುಟ್ಸೋದು. ಹೊರಗೆ ಹೇಳ್ತಿರ್ಲಿಲ್ಲ ಅಷ್ಟೇ. ನೀನು ಜಗಲಿ ಮೇಲೆ ಕೂತ್ಕಂಡು ಹೇಳ್ಬಿಟ್ಟೆ. ನೀನು ಹೋದ ವಾರಕ್ಕೇ ಯಾರೋ ಬಂದು ಬುಡ ಅಗೆದವ್ರೆ. ಹೆಣ್ಣಿನ ಕಲ್ಲಾದ್ರೆ ಕೆಳಗೆ ಒಡವೆ ಇಕ್ಕಿರ್ತಾರೆ ಅಂತ ಅವ್ರ ನಂಬ್ಕೆ. ಅದ್ಕೇ ಕಟ್ಟೆ ಕಟ್ಸಿ ಮೀಸೆ ಬರ್ಸಿದ್ವಿ. ಗಂಡು ದ್ಯಾವ್ರು ಅಂದ್ರೆ ಯಾರೂ ಅಗ್ಯಲ್ಲ."

ಅಗೆದವರು ಯಾರು ಎಂದೆ. ಜಗಲಿ ಮೇಲೆ ಅವತ್ತು ಯಾರು ಯಾರು ಕೂತಿದ್ದರೋ ನೀನೇ ನೆನಪು ಮಾಡಿಕೋ ಎಂದು ಮತ್ತೆ ರಾಗಿ ಕೇರತೊಡಗಿದಳು. ಇವತ್ತಿಗೂ ಆ ಊರಿಗೆ ಹೋದರೆ ನಗುನಗುತ್ತ ಮಾತಾಡಿಸುವವರ ಮುಖವನ್ನು ಒಂದೊಂದಾಗಿ ನೋಡುತ್ತೇನೆ.

ವಾಪಸಾಗುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಗಂಟು ಹೋದರೆ ಹೋಗಲಿ, ಬಾಣಂತಿಯರ ಸೆರಗಿನ ಮಾತು ಅದಕ್ಕಿಂತ ದೊಡ್ಡ ಸಾಕ್ಷಿ. ಅದನ್ನು ಬರೆದರೆ ಸರ್ ಕೂಡ ಬಾಯಿ ಮುಚ್ಚಿಕೊಳ್ಳಬೇಕು. ಆದರೆ ಬರೆದರೆ ಊರ ಹೆಸರೂ ಬರೆಯಬೇಕು, ಪ್ರಬಂಧ ಲೈಬ್ರರಿಗೆ ಹೋಗುತ್ತದೆ, ಅಲ್ಲಿ ಅದನ್ನು ಯಾರು ಯಾಕೆ ತೆಗೆದು ಓದುತ್ತಾರೋ ನನಗೆ ಗೊತ್ತಾಗುವುದಿಲ್ಲ. ಎರಡು ವರ್ಷದ ಓದಿನಲ್ಲಿ ನಾನೇ ಕಂಡುಹಿಡಿದದ್ದು ಅಂತ ಇದ್ದದ್ದು ಅದೊಂದೇ.

ಸರ್ ಫೋಟೋ ಕೇಳಿದರು. ಫೋನಿನಲ್ಲಿದ್ದ ಹಳದಿ ಕಲ್ಲನ್ನು ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ ನೋಡಿ, ಜೋರಾಗಿ ನಕ್ಕು, ಪಕ್ಕದಲ್ಲಿದ್ದವರಿಗೂ ತೋರಿಸಿದರು.

"ನಾನು ಮೊದಲೇ ಹೇಳಿರಲಿಲ್ಲವೇನಮ್ಮ? ಇಷ್ಟು ದೊಡ್ಡ ಮೀಸೆ ಇದೆ."

"ಹೌದು ಸರ್," ಎಂದೆ. "ಗಂಡಸೇ."