ಹಿರಿಯಣ್ಣನವರ ಸೋಲಾರ್, ಅತ್ತೆಯ ಬೇವಿನ ಮರ

ನಮ್ಮ ಮನೆಯವರು, ಅಂದರೆ ಹಿರಿಯಣ್ಣನವರು, ಒಂದು ಕಡೆ ಹತ್ತು ನಿಮಿಷ ಕೂತದ್ದನ್ನು ಮದುವೆಯಾಗಿ ಮೂವತ್ತೊಂದು ವರ್ಷವಾದರೂ ನಾನು ಕಂಡಿರಲಿಲ್ಲ. ಊಟಕ್ಕೆ ಕೂತರೆ ಸಾರು ಬರುವಷ್ಟರಲ್ಲಿ ಎದ್ದು ಮೀಟರ್ ನೋಡಿ ಬರುವ ಜೀವ. ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಬ್ಯಾಟರಿ ಚಾರ್ಜ್ ಮಾಡುವ ಕೋಣೆಯಲ್ಲಿ ದುಡಿದು, ನಾಗಪುರದಲ್ಲೇ ನಿವೃತ್ತರಾಗಿ, ಬಜಾಜ್ ನಗರದಲ್ಲಿ ಒಂದು ಮನೆ ಕಟ್ಟಿದರು. ಮನೆಯನ್ನು ತಾಯಿಯ ಹೆಸರಿಗೆ ಬರೆಸಿ, ನಂಜನಗೂಡಿನ ಕಡೆಯ ಹಳ್ಳಿಯಿಂದ ಅವರನ್ನು ಕರೆತಂದರು. ನಮ್ಮ ಅತ್ತೆ ಮಹಾದೇವಮ್ಮ ಬಂದ ವರ್ಷವೇ ಪಡುವಣ ಕಿಟಕಿಯ ಮುಂದೆ ಒಂದು ಬೇವಿನ ಸಸಿ ನೆಟ್ಟರು. "ಈ ಸುಡುಗಾಡು ಬಿಸ್ಲಲ್ಲಿ ಇನ್ನೇನು ಬದುಕ್ತದೆ ಬುಡು" ಎಂದರು. ಅದು ಬದುಕಿತು. ಮಾಳಿಗೆಯನ್ನೂ ಮೀರಿ ಬೆಳೆಯಿತು.

ಎರಡು ಸಾವಿರದ ಆರರ ಮೇ ತಿಂಗಳು. ದಿನಾ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕರೆಂಟ್ ಇಲ್ಲ. ಇಲ್ಲಿಯ ಜನ ಅದಕ್ಕೆ ಭಾರನಿಯಮನ ಎಂದು ದೊಡ್ಡ ಹೆಸರಿಟ್ಟಿದ್ದಾರೆ, ನಾನು ಹಾಳಾದ್ದು ಅನ್ನುತ್ತೇನೆ. ಆ ಹೊತ್ತಿನಲ್ಲಿ ಅತ್ತೆ ಬೇವಿನ ಕೆಳಗೆ ಹಗ್ಗದ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಒಂದು ದಿನ ಬಿಸಿಗಾಳಿಗೆ ಧೂಳು ಎದ್ದಿತೆಂದು ಒಳಗೆ ಬಂದರು. ಕೂಲರ್ ನಿಂತಿತ್ತು. ಎರಡು ಗಂಟೆಗೆ ನಾನು ಮಜ್ಜಿಗೆ ಕೊಡಲು ಹೋದರೆ ಪ್ರಜ್ಞೆಯೇ ಇಲ್ಲ. ಮೂರು ದಿನ ಆಸ್ಪತ್ರೆ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಎಂಬತ್ತೆರಡರ ಜೀವ. ಇನ್ನೊಂದು ಸಲ ಹೀಗಾದರೆ ಉಳಿಯೋದು ಕಷ್ಟ" ಎಂದರು.

ಅಂದಿನಿಂದ ಇವರಿಗೆ ನಿದ್ದೆ ಇಲ್ಲ, ನನಗೂ ಇಲ್ಲ. ಮುಂದಿನ ಮೇ ಬರುವುದರೊಳಗೆ ಅವ್ವನ ಕೂಲರ್ ನಿಲ್ಲದೆ ತಿರುಗಬೇಕು, ಅದೊಂದೇ ಜಪ. ಬೀದಿಯವರೆಲ್ಲ ಬ್ಯಾಟರಿ, ಇನ್ವರ್ಟರ್ ತರುತ್ತಿದ್ದರು. ನಾವೂ ತರೋಣ ಎಂದೆ. ಮೈಮೇಲೆ ಬಂದವರಂತೆ ಆಡಿದರು.

"ಬ್ಯಾಟರಿ ಅನ್ನೋ ಮಾತು ನನ್ನ ಮುಂದೆ ಎತ್ತಬೇಡ ಪ್ರಭಾ! ಇಪ್ಪತ್ತು ವರ್ಷ ಅದರ ಆಸಿಡ್ ಹೊಗೆ ಕುಡಿದಿದ್ದೀನಿ. ಇವತ್ತು ತಂದರೆ ಮೂರು ವರ್ಷಕ್ಕೆ ಸಾಯುತ್ತೆ. ಸೂರ್ಯ ಸಾಯ್ತಾನಾ?"

ಪುಣೆಯಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಒಂದು ಪುಸ್ತಕ ಕಳಿಸಿದ್ದರು. ಮಾಳಿಗೆಯ ಮೇಲೆ ಸೋಲಾರ್ ಹಲಗೆ ಹಾಕಿ, ಅದರ ಕರೆಂಟನ್ನು ನೇರ ಬೀದಿಯ ಲೈನಿಗೇ ಜೋಡಿಸುವುದಂತೆ. ಹಗಲು ಹೆಚ್ಚಾದದ್ದನ್ನು ಲೈನಿಗೆ ಕೊಡುವುದು, ರಾತ್ರಿ ಲೈನಿಂದ ತೆಗೆದುಕೊಳ್ಳುವುದು. ಬ್ಯಾಟರಿಯ ಸುದ್ದಿಯೇ ಇಲ್ಲ! ಇವರಿಗೆ ಅಷ್ಟು ಸಾಕಾಯಿತು. ನಲವತ್ತು ಪುಟ ಓದಿದರು, ಪುಸ್ತಕ ಬೋರಲು ಹಾಕಿದರು, ಟೇಪು ಹಿಡಿದು ಮಾಳಿಗೆ ಹತ್ತಿದರು.

ಆಮೇಲೆ ಶುರುವಾಯಿತು ನೋಡಿ. ಗಂಟೆಗೊಮ್ಮೆ ಮೇಲೆ ಹೋಗಿ ನೆರಳು ಎಲ್ಲಿ ಬಿದ್ದಿದೆಯೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಯುವುದು. ಇಳಿಯುವುದು. ಮತ್ತೆ ಹತ್ತುವುದು. ನನ್ನ ಸಂಡಿಗೆಗೆ ಅಂಗೈಯಗಲ ಜಾಗ ಉಳಿಯಲಿಲ್ಲ. ಒಂದು ಹಪ್ಪಳ ಗೆರೆಯ ಮೇಲೆ ಬಿದ್ದದ್ದಕ್ಕೆ ಎರಡು ದಿನ ಮಾತು ಬಿಟ್ಟರು. ವಿದ್ಯುತ್ ಕಚೇರಿಗೆ ಹನ್ನೊಂದು ಸಲ ಅಲೆದರು. ಇಂಥದ್ದಕ್ಕೆ ಅರ್ಜಿ ನಮೂನೆಯೇ ಇಲ್ಲ, ಬಿಳಿ ಹಾಳೆಯಲ್ಲಿ ಬರೆದು ಕೊಡಿ, ಮೇಲಕ್ಕೆ ಕಳಿಸುತ್ತೇವೆ ಎಂದರು ಅಲ್ಲಿಯವರು. ಇವರು ಬರೆದೇ ಬರೆದರು.

ಜನವರಿಯಲ್ಲಿ ಗೆರೆಗಳನ್ನೆಲ್ಲ ಒಂದು ದಪ್ಪ ಹಾಳೆಗೆ ಇಳಿಸಿದರು. ಎರಡು ಗಂಟೆಯಾದ ಮೇಲೆ ಬೇವಿನ ನೆರಳು ಹಲಗೆ ಕೂರಿಸಬೇಕಾದ ಜಾಗದ ಅರ್ಧಕ್ಕೆ ಬೀಳುತ್ತಿತ್ತು. ಹಲಗೆಯ ಮೂಲೆಗೆ ನೆರಳು ತಾಕಿದರೂ ಇಡೀ ಸಾಲು ಸೊರಗುತ್ತದಂತೆ. ಮರವನ್ನು ಹಾಳೆಯಲ್ಲಿ ದುಂಡಗೆ ಬರೆದು, ಅದರ ಮೇಲೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದರು.

"ಮರ ತೆಗೆಸೋದಾ? ನಿಮಗೇನು ತಲೆ ಕೆಟ್ಟಿದೆಯಾ?" ಎಂದೆ.

"ಮರ ಬೇಕೋ, ಅವ್ವ ಬೇಕೋ?" ಎಂದರು.

ಮನೆ ಅತ್ತೆಯ ಹೆಸರಿನಲ್ಲಿದ್ದುದರಿಂದ ಮರ ಕಡಿಯುವ ಅರ್ಜಿಗೆ ಅವರದೇ ರುಜು ಬೇಕಿತ್ತು. ಅತ್ತೆ ಪೆನ್ನು ಹಿಡಿದುಕೊಂಡು ತುಸು ಹೊತ್ತು ಕಿಟಕಿಯಾಚೆ ನೋಡಿದರು.

"ಅಲ್ಲ ಕಣ್ಲಾ ಹಿರಿಯ, ಲೈನು ಹೋದಾಗ ನಿಂದು ಇರ್ತದಾ?"

"ಅದಕ್ಕೇ ಅಲ್ವೇನವ್ವ ಇಷ್ಟೆಲ್ಲ ಮಾಡ್ತಿರೋದು! ಜಲ್ದಿ ಹಾಕು."

ಅತ್ತೆ ರುಜು ಹಾಕಿದರು. ಸೋಲಾರಿಗೆ ಬಾರದ ಅನುಮತಿ ಮರ ಕಡಿಯಲು ಎಂಟೇ ದಿನದಲ್ಲಿ ಬಂತು. ಫೆಬ್ರುವರಿ ಕೊನೆಯಲ್ಲಿ ಇಬ್ಬರು ಗರಗಸ ತಂದು ಸಂಜೆಯೊಳಗೆ ಮುಗಿಸಿದರು. ಅತ್ತೆ ಆ ದಿನ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ.

ಯುಗಾದಿ ಬಂತು. ಇಲ್ಲಿಯ ಮರಾಠಿ ಜನರಿಗೆ ಅದೇ ಪಾಡ್ವಾ. ಬಾಗಿಲಲ್ಲಿ ಗುಡಿ, ಅಂದರೆ ರೇಷ್ಮೆ ಬಟ್ಟೆ ಉಡಿಸಿದ ಕೋಲು, ಏರಿಸಿ ಅದಕ್ಕೆ ಬೇವಿನ ಸೊಪ್ಪು ಕಟ್ಟುತ್ತಾರೆ. ನಮ್ಮ ಬೀದಿಗೆಲ್ಲ ಸೊಪ್ಪು ನಮ್ಮ ಮರದ್ದೇ. ಬೆಳಿಗ್ಗೆ ಮೊದಲು ಬರುತ್ತಿದ್ದವನು ನಮ್ಮ ಬೀದಿಯ ಲೈನ್‌ಮನ್ ಢೋಬಳೆ. ಆ ವರ್ಷವೂ ಬಂದ, ಗೇಟಿನಲ್ಲೇ ನಿಂತ.

"ಕಾಕೂ, ಝಾಡ್ ಕುಠೆ ಗೇಲಂ?" ಮರ ಎಲ್ಲಿ ಹೋಯಿತು ಎಂದು ಬೋಳು ಬುಡ ನೋಡುತ್ತ ಕೇಳಿದ.

ಇವರು ಓಡಿಹೋಗಿ ದಪ್ಪ ಹಾಳೆ ತಂದು ಅವನ ಮುಂದೆ ಹರಡಿದರು, ಹಿಂದಿಯಲ್ಲಿ ಒಂದೇ ಉಸಿರಿಗೆ ವಿವರಿಸಿದರು. ಢೋಬಳೆ ಸಾವಧಾನವಾಗಿ ಕೇಳಿಸಿಕೊಂಡ.

"ಬರೋಬರ್ ಸಾಹೇಬ್. ಭಾರನಿಯಮನದಲ್ಲಿ ಲೈನ್ ಬಂದ್ ಆದರೆ?"

"ಆಗಲೂ ಇದು ನಡೆಯುತ್ತೆ! ಅದೇ ತೋ ಬಾತ್ ಹೈ!"

ಢೋಬಳೆ ತಲೆ ಅಲ್ಲಾಡಿಸಿದ. "ಲೈನ್ ಬಂದ್ ಅಸತಾನಾ ತುಮಚಾ ಕರಂಟ್ ಆಲಾ ತರ್ ಮೀ ಮರಣಾರ್ ನಾ!" ಲೈನು ನಿಲ್ಲಿಸಿ ನಾನು ಕಂಬ ಹತ್ತಿರುತ್ತೇನೆ, ಆಗ ನಿಮ್ಮ ಕರೆಂಟು ಅದೇ ತಂತಿಗೆ ಬಂದರೆ ಸಾಯುವವನು ನಾನು ತಾನೇ, ಎಂದ. ಲೈನಿಗೆ ಜೋಡಿಸಿದ ಯಂತ್ರ ಲೈನು ನಿಂತ ಕ್ಷಣವೇ ನಿಲ್ಲಬೇಕು ಸಾಹೇಬ್, ಎಂದ.

ಇವರು ಒಳಗೆ ಹೋದರು. ಬೋರಲು ಬಿದ್ದಿದ್ದ ಪುಸ್ತಕ ತೆಗೆದರು. ಎಪ್ಪತ್ತೊಂದನೇ ಪುಟದಲ್ಲಿ ಅದೇ ಮಾತು ದಪ್ಪಕ್ಷರದಲ್ಲಿತ್ತು. ಸ್ವಿಚ್ಚಿಗೆ 'ಲೈನಿನಲ್ಲಿ ಮನುಷ್ಯ ಇದ್ದಾನೆ, ಹಾಕಬೇಡಿ' ಎಂಬ ಬೋರ್ಡನ್ನು ಇಪ್ಪತ್ತು ವರ್ಷ ತಮ್ಮ ಕೈಯಾರೆ ತೂಗುಹಾಕಿದ ಮನುಷ್ಯ ಇವರು! ನನ್ನ ಮೈಯೆಲ್ಲ ಉರಿದು ಹೋಯಿತು.

"ಮರಕ್ಕೆ ಗರಗಸ ಇಡೋ ಮೊದಲು ಒಂದು ಪುಸ್ತಕ ಓದಿ ಮುಗಿಸೋಕೆ ಆಗಲಿಲ್ವೇನ್ರಿ? ನಿಮ್ಮ ಅವಸರಕ್ಕಿಷ್ಟು ಬೆಂಕಿ ಹಾಕ!" ಹಬ್ಬದ ದಿನ ಬಾಯಿಗೆ ಬಂದಂತೆ ಬೈದೆ. ಅತ್ತೆ ಪೇಟೆಯಿಂದ ತರಿಸಿದ ಬಾಡಿದ ಬೇವಿನ ಎಸಳಿಗೆ ಬೆಲ್ಲ ಸೇರಿಸಿ ಮಗನ ಅಂಗೈಗೆ ಹಾಕಿದರು. "ತಿನ್ಲಾ. ಕಹಿಯ ಇವತ್ತೇ ತಿಂದ್ಬುಡಬೇಕು" ಎಂದರು.

ಮಾರನೇ ದಿನ ಇವರೇ ಗಾಂಧಿಬಾಗ್ ಪೇಟೆಗೆ ಹೋಗಿ, ಹಗೆಯಂತೆ ಕಾಣುತ್ತಿದ್ದ ಆ ಬ್ಯಾಟರಿಯನ್ನೇ ಕೇಳಿದರು. ಊರಿಗೆ ಊರೇ ಸರತಿಯಲ್ಲಿತ್ತು. ಕೂಲರ್ ಎಳೆಯುವಂಥ ದೊಡ್ಡದು ಜೂನ್ ನಡುವಿಗೆ ಮೊದಲು ಸಿಗದು ಎಂದ ಅಂಗಡಿಯವನು. ಮೇ ಯಾರಿಗಾಗಿ ಕಾಯುತ್ತದೆ?

ಮೇ ಬಂತು, ನಲವತ್ತಾರು ಡಿಗ್ರಿ. ಬೇವು ಇಲ್ಲದ ಪಡುವಣ ಕಿಟಕಿಗೆ ಬಿಸಿಲು ನೇರ ಬಡಿಯುತ್ತಿತ್ತು. ನಾನು ಕಿಟಕಿಗೆ ಲಾವಂಚದ ತಡಿಕೆ ಕಟ್ಟಿ ನೀರು ಚಿಮುಕಿಸುತ್ತಿದ್ದೆ. ಹನ್ನೆರಡಕ್ಕೆ ಕೂಲರ್ ನಿಂತ ಕೂಡಲೆ ಇವರು ಸ್ಟೂಲ್ ಎಳೆದುಕೊಂಡು ಅತ್ತೆಯ ಪಕ್ಕ ಕೂರುತ್ತಿದ್ದರು. ಆ ದಪ್ಪ ಹಾಳೆಯನ್ನೇ ನಾಲ್ಕಾಗಿ ಮಡಿಸಿ ಬೀಸಣಿಗೆ ಮಾಡಿಕೊಂಡಿದ್ದರು. ಅಡ್ಡಗೆರೆ ಎಳೆದ ಬೇವಿನ ಮರ ಮೇಲ್ಮಡಿಕೆಯಲ್ಲೇ ಇತ್ತು. ಮೂರು ಗಂಟೆಯವರೆಗೆ ಬೀಸುವುದು, ನಡುವೆ ಒದ್ದೆ ಬಟ್ಟೆ ಬದಲಿಸುವುದು. ನೀರು ಕುಡಿಯಲೂ ಏಳುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಿಟ್ಟು ಇನ್ನೂ ಇತ್ತು, ಆದರೂ ನೀರಿನ ಲೋಟ ತಂದು ಇವರ ಕೈಗೆ ಎಟುಕುವಲ್ಲಿ ಇಡುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು, "ಮರ ಇದ್ದಿದ್ರೆ ಇದೇ ಕೆಲಸವ ಸುಮ್ಕೆ ಮಾಡೋದು ಕಣ್ಲಾ. ನಿನ್ನಂಗೆ ಉಸ್ಸಪ್ಪಾ ಅಂತಿರ್ನಿಲ್ಲ."

"ಹೌದು ಕಣವ್ವ" ಎಂದರು ಇವರು. ಕಣ್ಣಲ್ಲಿ ನೀರಿತ್ತು.

ಮೂರಕ್ಕೆ ಕರೆಂಟ್ ಬಂತು. ಕೂಲರ್ ತಿರುಗತೊಡಗಿತು. ಅತ್ತೆಗೆ ಹಾಯಾಗಿ ನಿದ್ದೆ ಹತ್ತಿತ್ತು. ಇವರು ಬೀಸುತ್ತಲೇ ಇದ್ದರು.